ಬಾಗಿಲಲ್ಲಿ ಉಳಿದ ಒಡಪು

ಬೆಂಗೇರಿ, ಹುಬ್ಬಳ್ಳಿ
9 ಫೆಬ್ರವರಿ 1993

ವಿದ್ಯಾಳ ಅಪ್ಪನವರಿಗೆ ನಾಗರತ್ನಾಳ ನಮಸ್ಕಾರ.

ನಾನು, ನಿಮ್ಮ ಅವ್ವ, ನಿಮ್ಮ ಮಗಳು ಮೂವರೂ ಆರಾಮ ಇದ್ದೇವೆ. ನೀವು ಆರಾಮ ಇದ್ದೀರೆಂದು ಪಕ್ಕದ ಮನೆಯ ಲಾಲಸಾಬಣ್ಣ ಪೇಪರು ಓದಿ ಹೇಳಿದರು. ಮಡಗಾಂವಿನ ನಿಮ್ಮ ತಂಡ ಗೆದ್ದಿತಂತೆ, ಕೋಚ್ ನಗುತ್ತಿರುವ ಫೋಟೋ ಬಂದಿದೆಯಂತೆ. ಗಂಡನ ನಗು ನೋಡಲು ಪಕ್ಕದ ಮನೆಯಿಂದ ಪೇಪರು ಇಸಿದುಕೊಂಡು ಬರುವ ಹೆಂಗಸು ಈ ಓಣಿಯಲ್ಲಿ ನಾನೊಬ್ಬಳೇ ಇರಬೇಕು. ನೋಡಿದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಅಲ್ಲಿ ಮೀನು ಗೀನು ತಿನ್ನುತ್ತಿಲ್ಲ ತಾನೇ? ಇದು ಅತ್ತೆ ಕೇಳಿದ ಪ್ರಶ್ನೆ, ನನ್ನದಲ್ಲ.

ಲಾಲಸಾಬಣ್ಣನಿಗೆ ನೀವು ಇನ್ನೂ ರೈಲ್ವೆ ತಂಡದ ಎಂಟನೇ ನಂಬರು, ಅವರು ಗೋಲ್‌ಕೀಪರ್. ಸಂಜೆಯಾದರೆ ತಮ್ಮ ಎಸ್‌ಟಿಡಿ ಬೂತಿನ ಮುಂದೆ ಕುರ್ಚಿ ಹಾಕಿಕೊಂಡು, “ಮೊಣಕಾಲ ಒಂದು ಕೈ ಕೊಡದಿದ್ರ ನಿಮ್ಮವರು ಇಂಡಿಯಾ ಟೀಮಿಗೆ ಆಡತಿದ್ರು ವೈನಿ” ಎನ್ನುತ್ತಾರೆ. ಮೊಣಕಾಲು ಕೈಕೊಟ್ಟ ಮೇಲಾದರೂ ಗಂಡ ಮನೆ ಸೇರುತ್ತಾನೆ ಎಂದು ನಾನು ತಿಳಿದಿದ್ದೆ. ಕೋಚ್ ಎಂಬುದೊಂದು ಕೆಲಸ ಇರುತ್ತದೆ ಎಂದು ನನಗೇನು ಗೊತ್ತಿತ್ತು.

ಮೊನ್ನೆ ಎದುರು ಮನೆ ಹನುಮವ್ವನ ಬಸುರಿ ಮಗಳ ಕುಬಸ. ಎಲ್ಲರೂ ನನ್ನ ಮೇಲೆಯೇ ಬಿದ್ದರು. “ನಾಗಕ್ಕಾ, ಒಡಪ ಹಾಕಿ ಗಂಡನ ಹೆಸರ ಹೇಳ. ಇಲ್ಲಂದ್ರ ಊಟಕ್ಕ ಏಳಾಕ ಬಿಡಂಗಿಲ್ಲ” ಎಂದರು. ಬೇರೆ ಹೊತ್ತಿನಲ್ಲಿ ಗಂಡನ ಹೆಸರು ಎತ್ತಿದರೆ ಬಾಯಿಗೆ ಬಡಿಯುವ ಇದೇ ಹೆಂಗಸರು, ಹಾಡಿನ ಹಾಗೆ ಎರಡು ಸಾಲು ಕಟ್ಟಿ ಅದರಲ್ಲಿ ಹೇಳಿದರೆ ಚಪ್ಪಾಳೆ ತಟ್ಟುತ್ತಾರೆ. ನಾನು ಹೇಳಿದೆ.

“ಅಂಗಳದಾಗ ಬರದೇನಿ ರಂಗೋಲಿ ಚಿಕ್ಕಿ,
. . . . . . . ಅವರು ಊರಿಂದೂರಿಗೆ ಹಾರೂ ಹಕ್ಕಿ.”

ಚುಕ್ಕಿ ಇಟ್ಟಲ್ಲಿ ನಿಮ್ಮ ಹೆಸರಿದೆ. ಓಣಿಯ ಹೆಂಗಸರೆಲ್ಲ ಕೇಳಿ ನಕ್ಕರು. ಕೇಳಬೇಕಾದವರು ಗೋವಾದಲ್ಲಿದ್ದರು.

ಲಕೋಟೆಯ ಮೇಲೆ ಯಾವಾಗಲೂ ವಿದ್ಯಾ ವಿಳಾಸ ಬರೆಯುತ್ತಾಳೆ. ಅವಳು ಶಾಲೆಗೆ ಹೋದಾಗ ಪತ್ರ ಮುಗಿದರೆ ನಾನು ‘ಕೋಚ್ ಸಾಹೇಬರು’ ಎಂದು ಬರೆದು ಕ್ಲಬ್ಬಿನ ಹೆಸರು ಹಾಕಿಬಿಡುತ್ತೇನೆ. “ಬಾಯಿಲೆ ಅಂದ್ರೇನ, ಕೈಲೆ ಬರದ್ರೇನ, ಎರಡೂ ಒಂದಽ. ಗಂಡನ ಆಯುಷ್ಯ ಕಡಿಮಿ ಆಕ್ಕೈತಿ” ಎಂದು ಅತ್ತೆ ಹೇಳಿದ್ದಾರೆ. ಒಂದು ಕ್ಲಬ್ಬಿಗೆ ಒಬ್ಬರೇ ಕೋಚ್ ಅಲ್ಲವೇ, ಮುಟ್ಟುತ್ತದೆ.

ಯಾವಾಗ ಬರುತ್ತೀರಿ ಎಂದು ಕೇಳುವುದಿಲ್ಲ. ಕೇಳಿದಂತೆಯೇ ತಿಳಿಯಿರಿ.

ನಿಮ್ಮ
ನಾಗರತ್ನಾ


ಮಡಗಾಂವ, ಗೋವಾ
2 ಮಾರ್ಚ್ 1993

ಪ್ರೀತಿಯ ನಾಗರತ್ನಾ,

ನಿನ್ನ ಪತ್ರವನ್ನು ಪ್ರ್ಯಾಕ್ಟೀಸಿಗೆ ಹೋಗುವಾಗ ಕಿಸೆಯಲ್ಲಿಟ್ಟುಕೊಂಡು ಹೋಗಿ ಬೆವರಿನಲ್ಲಿ ತೋಯಿಸಿದೆ. ಆ ಚುಕ್ಕಿಗಳಿದ್ದ ಜಾಗ ಮಾತ್ರ ಚೆನ್ನಾಗಿ ಉಳಿದಿದೆ. ಮೀನು ತಿಂದಿಲ್ಲ ಎಂದು ಅವ್ವಗೆ ಹೇಳು. ವಾಸನೆ ತಪ್ಪಿಸುವುದು ನನ್ನ ಕೈಯಲ್ಲಿಲ್ಲ.

ನಾನು ಯಾವ ತಂಡಕ್ಕೆ ಹೋದರೂ ಮೊದಲ ದಿನ ಚೆಂಡು ಮುಟ್ಟಿಸುವುದಿಲ್ಲ, ನಿನಗೆ ಗೊತ್ತೇ? ಹುಡುಗರನ್ನು ಸುತ್ತ ನಿಲ್ಲಿಸಿ ಒಬ್ಬರ ಹೆಸರು ಒಬ್ಬರಿಂದ ಕೂಗಿಸುತ್ತೇನೆ. ಆಟದಲ್ಲಿ ‘ಏ’, ‘ಓ’, ‘ಭಾಯ್’ ಎಂದು ಕೂಗಿದರೆ ಹನ್ನೊಂದು ಮಂದಿಯೂ ತಿರುಗಿ ನೋಡುತ್ತಾರೆ, ಇಲ್ಲವೇ ಯಾರೂ ನೋಡುವುದಿಲ್ಲ. ಹೆಸರು ಹಿಡಿದು ಕರೆದರೆ ಆ ಹೆಸರಿನವನೇ ಓಡಿ ಬರುತ್ತಾನೆ. ಇದನ್ನು ನನಗೆ ಕಲಿಸಿದವಳು ಅವ್ವ. ಕತ್ತಲಾಗುವ ಹೊತ್ತಿಗೆ ಕಟ್ಟೆಯ ಮೇಲೆ ನಿಂತು “ಗುರುಬಸವಾ” ಎಂದು ಒಂದು ಸಲ ಕೂಗಿದರೆ ಸಾಕಿತ್ತು. ಮೈದಾನದ ಆ ತುದಿಯಲ್ಲಿದ್ದರೂ ಚೆಂಡು ಅಲ್ಲೇ ಬಿಟ್ಟು ಓಡುತ್ತಿದ್ದೆ.

ಇಲ್ಲಿ ನನ್ನನ್ನು ಮಿಸ್ಟರ್ ಗುರು ಎನ್ನುತ್ತಾರೆ. ಗೆದ್ದ ದಿನ ಗ್ಯಾಲರಿಯವರೆಲ್ಲ ಕೂಗುತ್ತಾರೆ. ಆಗ ನನಗೆ ನಮ್ಮ ಮದುವೆ ನೆನಪಾಗುತ್ತದೆ. ನೀನು ಒಡಪು ಹೇಳುವಾಗ ಸರಿಯಾಗಿ ಬ್ಯಾಂಡಿನವನು ಊದಿಬಿಟ್ಟ. ನಿನ್ನ ತುಟಿ ಅಲ್ಲಾಡಿದ್ದು ಕಂಡಿತು, ದನಿ ಕೇಳಲಿಲ್ಲ. ನಿನ್ನ ಬಾಯಿಂದ ನನ್ನ ಹೆಸರು ನಾನು ಈ ತನಕ ಕೇಳಿಲ್ಲ. ಒಮ್ಮೆ ಕೇಳಬೇಕೆಂಬ ಆಸೆ ಇದೆ, ನಗಬೇಡ.

ಕಲಕತ್ತೆಯಿಂದ ಕರೆ ಬಂದಿದೆ. ದೊಡ್ಡ ಕ್ಲಬ್ಬು. ಒಂದೇ ಸೀಸನ್, ಆಮೇಲೆ ಹುಬ್ಬಳ್ಳಿಗೆ ಬಂದು ಲಾಲ್ಯಾನ ಜೊತೆ ನಮ್ಮ ಊರಿನದೇ ಒಂದು ತಂಡ ಕಟ್ಟುತ್ತೇನೆ. ಅವ್ವಗೂ ಇದನ್ನೇ ಹೇಳು.

ನಿನ್ನ
ಗುರು


ಬೆಂಗೇರಿ, ಹುಬ್ಬಳ್ಳಿ
19 ಏಪ್ರಿಲ್ 1994

ವಿದ್ಯಾಳ ಅಪ್ಪನವರಿಗೆ ನಮಸ್ಕಾರ.

ಒಂದು ಸೀಸನ್ ಮುಗಿಯಿತು. ಯುಗಾದಿಗೆ ಬಂದಿರಿ, ಹೋದಿರಿ. ಬೇವು ತಿಂದದ್ದು ಬಾಯಲ್ಲಿ ಇನ್ನೂ ಕಹಿ ಇದೆ, ಬೆಲ್ಲ ತಿನ್ನುವುದರೊಳಗೆ ನೀವು ಸ್ಟೇಶನ್ನಿನಲ್ಲಿದ್ದಿರಿ.

ತಾಜಬಿ ಇನ್ನೂ ಬೈಯುತ್ತಿದ್ದಾಳೆ. ಲಾಲಸಾಬಣ್ಣನ ಹೆಂಡತಿ ಎಂದರೆ ಸುಮ್ಮನೆಯೇ? ನೀವು ಬಂದ ದಿನ ಅಷ್ಟು ಮಂದಿಯ ಎದುರು ಬಾಗಿಲಿಗೆ ಅಡ್ಡ ಕೈ ಹಿಡಿದು, “ಇಬ್ರೂ ಹೆಸರ ಹೇಳ್ರಿ, ಆಮ್ಯಾಲ ಒಳಗ ಹೋಗ್ರಿ” ಎಂದಳು. ನೀವು ತಡವರಿಸದೆ ಹೇಳಿದಿರಿ.

“ಗೋವಾದಾಗ ಗೋಲ ಹೊಡಿಸಿ ಗೆದ್ದೇನಿ ಕಪ್ಪ,
ನಾಗರತ್ನಾ ಮುಂದ ಬಂದ್ರ ನಾನಽ ಚುಪ್ಪ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮುಂದಿನ ಸರದಿ ನನ್ನದು. ನಾನು ಬಾಯಿ ತೆರೆಯುವುದಕ್ಕೂ ಬೂತಿನಲ್ಲಿ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಕಲಕತ್ತೆ ಎಂದೊಡನೆ ನೀವು ಚಪ್ಪಲಿ ಇಲ್ಲದೆ ಓಡಿದಿರಿ. ತಿರುಗಿ ಬರುವಾಗ ಮುಂದಿನ ಸೀಸನ್ನಿಗೂ ಹೂಂ ಎಂದು ಬಂದಿದ್ದಿರಿ. ಹೆಂಗಸರು ಅಷ್ಟರಲ್ಲಿ ಒಳಗೆ ಹೋಗಿ ಚಹಾ ಕುಡಿಯುತ್ತಿದ್ದರು.

ಆ ಒಡಪನ್ನು ನಾನು ಎಷ್ಟು ದಿನದಿಂದ ಕಟ್ಟಿದ್ದೆ ಗೊತ್ತೇ? ಹೊಲಿಗೆ ಮಶೀನು ತುಳಿಯುತ್ತ ಒಂದೊಂದೇ ಮಾತು ಕೂಡಿಸಿದ್ದೆ. ಅದು ಬಾಗಿಲಲ್ಲೇ ಉಳಿಯಿತು. ಪತ್ರದಲ್ಲಿ ಬರೆಯುವುದಿಲ್ಲ. ಬಾಗಿಲ ಒಡಪನ್ನು ಬಾಗಿಲಲ್ಲಿ ನಿಂತೇ ಹೇಳಬೇಕು. ಮತ್ತೆ ಇನ್ನೊಂದು ಮಾತು. ನಾಲ್ಕು ದಿನಕ್ಕೆಂದು ಬರುವ ಅತಿಥಿಗೆ ನಾನು ಹೇಳುವುದಿಲ್ಲ. ಉಳಿಯಲಿಕ್ಕೆ ಬಂದ ದಿನ ಹೇಳುತ್ತೇನೆ, ನಿಮ್ಮ ಹೆಸರು ಎಲ್ಲರಿಗೂ ಕೇಳುವಂತೆ, ಬ್ಯಾಂಡಿನವನು ಬಂದರೆ ಅವನಿಗೂ ಕೇಳುವಂತೆ. ಬೇಕಿದ್ದರೆ ಬನ್ನಿ.

ನಿಮ್ಮ
ನಾಗರತ್ನಾ


ಕಲಕತ್ತಾ
27 ನವೆಂಬರ್ 1994

ಪ್ರೀತಿಯ ನಾಗರತ್ನಾ,

ಇಲ್ಲಿ ನಾನು ಬಸುದಾ, ಎಂದರೆ ಬಸು ಅಣ್ಣ. ಬಸು ಎಂಬುದು ಇವರಲ್ಲಿ ಮನೆತನದ ಹೆಸರಂತೆ. ಹಾಗಾಗಿ ಅರ್ಧ ಊರು ನಾನು ಬಂಗಾಲಿ ಎಂದೇ ತಿಳಿದಿದೆ. ಚಹಾದಂಗಡಿಯವನು ನನ್ನ ಹತ್ತಿರ ಬಂಗಾಲಿಯಲ್ಲಿ ಗಂಟೆಗಟ್ಟಲೆ ಜಗಳವಾಡುತ್ತಾನೆ, ನಾನು ತಲೆಯಾಡಿಸುತ್ತೇನೆ. ಗೆದ್ದ ದಿನ ರಸಗುಲ್ಲಾ ಬಾಯಿಗೆ ತುರುಕುತ್ತಾರೆ. ಸೋತ ದಿನ ಬಸ್ಸಿಗೆ ಕಲ್ಲು ಬೀಳುತ್ತದೆ. ನಿನ್ನೆ ಸೋತೆವು.

ನಾನು ಯಾಕೆ ಬರುವುದಿಲ್ಲ ಎಂದು ನೀನು ಕೇಳಿದರೆ ನಿಜ ಹೇಳುತ್ತೇನೆ. ಗೆದ್ದರೆ ಇವರು ಬಿಡುವುದಿಲ್ಲ. ಸೋತರೆ ಮನೆಗೆ ಬರಲು ಮುಖ ಇರುವುದಿಲ್ಲ. ಒಮ್ಮೆ ಚೆನ್ನಾಗಿ ಗೆದ್ದು, ಎಲ್ಲರೂ ಇರು ಇರು ಎನ್ನುವಾಗ ಎದ್ದು ಬರಬೇಕು ಎಂದುಕೊಳ್ಳುತ್ತೇನೆ. ಆ ದಿನ ಬರುತ್ತಲೇ ಇಲ್ಲ.

ಪ್ರ್ಯಾಕ್ಟೀಸಿನಲ್ಲಿ ಯಾವನೋ ಹುಡುಗ ಚೆಂಡು ಬಿಟ್ಟುಕೊಟ್ಟು ನಿಂತರೆ ನನ್ನ ಬಾಯಿಂದ “ಯಾಕಲೇ, ನಿಂತ್ಯಾಕ” ಎಂದು ನಮ್ಮ ಮಾತೇ ಬರುತ್ತದೆ. ಅವನು ನಗುತ್ತಾನೆ. ನಿನ್ನ ಕೈಯ ಬದನೆಕಾಯಿ ಎಣಗಾಯಿ ಕನಸಿನಲ್ಲಿ ಬರುತ್ತದೆ. ನೀನೂ ಬರುತ್ತೀ, ಆದರೆ ಬಾಗಿಲಲ್ಲಿ ನಿಂತು ಏನೂ ಹೇಳುವುದಿಲ್ಲ.

ನಿನ್ನ
ಬಸುದಾ


ಬೆಂಗೇರಿ, ಹುಬ್ಬಳ್ಳಿ
20 ಫೆಬ್ರವರಿ 1996

ವಿದ್ಯಾಳ ಅಪ್ಪನವರಿಗೆ,

ಅತ್ತೆಗೆ ಬಹಳ ಹುಷಾರಿಲ್ಲ. ಎದೆಯಲ್ಲಿ ಕಫ ಕಟ್ಟಿದೆ, ಅನ್ನ ಬಿಟ್ಟಿದ್ದಾರೆ. ಡಾಕ್ಟರು, “ಬರೋವ್ರಿದ್ರ ಲಗೂ ಕರಸ್ರಿ” ಎಂದಿದ್ದಾರೆ. ನಿನ್ನೆ ಸಂಜೆ ಹಿಡಿದುಕೊಂಡರೂ ಕೇಳದೆ ಕಟ್ಟೆಗೆ ಹೋಗಿ ನಿಂತು ನಿಮ್ಮ ಹೆಸರು ಕೂಗಿದರು. ಎದುರು ಮನೆಯವರಿಗೂ ಕೇಳಲಿಲ್ಲ, ಅಷ್ಟು ಸಣ್ಣ ದನಿ. ಆಮೇಲೆ ನನ್ನ ಕಡೆ ತಿರುಗಿ, “ನನ್ನ ದನಿ ಮುಟ್ಟವಲ್ದು. ನೀನರ ಕರೀ” ಎಂದರು.

ನಾನೇ ಬೂತಿಗೆ ಹೋಗಿ ನಿಮ್ಮ ಕ್ಲಬ್ಬಿಗೆ ಫೋನು ಮಾಡಿದೆ. ಲಾಲಸಾಬಣ್ಣ ಗದಗಕ್ಕೆ ಹೋಗಿದ್ದರು. ನನಗೆ ಬರುವಷ್ಟು ಹಿಂದಿಯಲ್ಲಿ ಕೋಚ್ ಸಾಹೇಬರಿಗೆ ತಾಯಿ ಸೀರಿಯಸ್ ಎಂದು ಹೇಳಿ ಎಂದೆ. ಕೋಚ್ ಸಾಹೇಬರು ತಂಡದ ಜೊತೆ ಹೊರಗೆ ಹೋಗಿದ್ದಾರೆ, ಬಂದ ಕೂಡಲೇ ತಿಳಿಸುತ್ತೇವೆ ಎಂದರು. ಅದಕ್ಕೂ ಇರಲಿ ಎಂದು ಇದನ್ನು ಬರೆದು ಹಾಕುತ್ತಿದ್ದೇನೆ. ವಿದ್ಯಾ ಔಷಧ ತರಲು ಹೋಗಿದ್ದಾಳೆ, ವಿಳಾಸ ನಾನೇ ಬರೆದಿದ್ದೇನೆ.

ಈ ಸಲ ಯಾವ ಆಟವಿದ್ದರೂ ಬಿಟ್ಟು ಬನ್ನಿ.

ನಾಗರತ್ನಾ


ತ್ರಿಶೂರ್, ಕೇರಳ
28 ಮಾರ್ಚ್ 1996

ಪ್ರೀತಿಯ ನಾಗರತ್ನಾ,

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಕಲಕತ್ತೆಯ ಕೆಲಸ ಡಿಸೆಂಬರಿನಲ್ಲೇ ಹೋಯಿತು. ಬಿಟ್ಟೆ ಎಂದು ಬರೆಯಲು ಹೊರಟಿದ್ದೆ, ಬಿಡಿಸಿದರು ಎಂಬುದೇ ಖರೆ. ಒಂದಾದ ಮೇಲೊಂದು ಸೋತೆವು. ಹೊಸ ಕೋಚನನ್ನು ತಂದರು. ಹೇಳಲಿಕ್ಕೆ ನಾಚಿಕೆಯಾಗಿ ನಿನಗೆ ಬರೆಯಲಿಲ್ಲ. ಇನ್ನೊಂದು ಕೆಲಸ ಸಿಕ್ಕಿದ ಮೇಲೆ ಬರೆಯೋಣ ಎಂದುಕೊಂಡೆ. ಇಲ್ಲಿ ಸಣ್ಣ ಕ್ಲಬ್ಬು, ಆದರೆ ಹುಡುಗರು ಹಸಿದವರ ಹಾಗೆ ಆಡುತ್ತಾರೆ. ನನ್ನನ್ನು ಆಶಾನ್ ಎಂದು ಕರೆಯುತ್ತಾರೆ, ಮಾಸ್ತರ ಎಂದು ಅದರ ಅರ್ಥ.

ಅವ್ವಗೆ ಈ ಸುದ್ದಿ ಮೆಲ್ಲಗೆ ಹೇಳು. ಇಲ್ಲಿನ ಬಾಳೆಕಾಯಿ ಚಿಪ್ಸು ಅವಳ ಹಲ್ಲಿಗೆ ಆಗುವುದಿಲ್ಲ, ಬೆಲ್ಲದ ಹಲ್ವಾ ಆಗುತ್ತದೆ, ತೆಗೆದಿಟ್ಟಿದ್ದೇನೆ. ಮೇ ತಿಂಗಳಲ್ಲಿ ಬರುತ್ತೇನೆ. ಕಟ್ಟೆಯ ಮೇಲೆ ನಿಂತು ಒಮ್ಮೆ ಕೂಗು ಎಂದು ಅವಳಿಗೆ ಹೇಳು, ಓಡಿ ಬರುತ್ತೇನೆ.

ನಿನ್ನ
ಆಶಾನ್


ಬೆಂಗೇರಿ, ಹುಬ್ಬಳ್ಳಿ
6 ಏಪ್ರಿಲ್ 1996

ವಿದ್ಯಾಳ ಅಪ್ಪನವರಿಗೆ,

ಅತ್ತೆ ಶಿವರಾತ್ರಿ ಆದ ವಾರದಲ್ಲೇ ತೀರಿಕೊಂಡರು.

ನಿಮಗೆ ತಿಳಿದಿದೆ, ಗಾಡಿಯಲ್ಲಿದ್ದೀರಿ ಎಂದೇ ನಾವೆಲ್ಲ ತಿಳಿದಿದ್ದೆವು. ಲಾಲಸಾಬಣ್ಣ ಸ್ಟೇಶನ್ನಿನಲ್ಲಿ ನಿಂತಿದ್ದರು. ಒಂದು ಗಾಡಿ ನೋಡಿ, ಮತ್ತೊಂದು ನೋಡಿ, ಬಾಡಿದ ಮುಖದಿಂದ ತಿರುಗಿ ಬಂದರು. ಇನ್ನು ಇಡಬಾರದು ಎಂದು ಹಿರಿಯರು ಹೇಳಿದ ಮೇಲೆ ಮಣ್ಣು ಮಾಡಿದೆವು. ಲಾಲಸಾಬಣ್ಣನೂ ಹೆಗಲು ಕೊಟ್ಟರು. ನೀವು ಬೇಕೆಂದೇ ಬರಲಿಲ್ಲ ಎಂದು ನಾನು ಈ ತನಕ ನಿಮ್ಮನ್ನು ಮನಸ್ಸಿನಲ್ಲಿ ಬೈಯುತ್ತಿದ್ದೆ.

ಈಗ ನಿಮ್ಮ ಪತ್ರ ಓದಿ ತಿಳಿಯಿತು. ನಾನು ಕೋಚ್ ಸಾಹೇಬರು ಎಂದೆ. ಅವರು ತಮ್ಮ ಹೊಸ ಕೋಚ್ ಸಾಹೇಬರಿಗೆ ಹೇಳಿರಬೇಕು. ಯಾರೋ ಪುಣ್ಯಾತ್ಮ ನಿಮ್ಮ ಅವ್ವನ ಸುದ್ದಿ ಕೇಳಿ ತನ್ನ ತಾಯಿಗೆ ಫೋನು ಮಾಡಿ, ಅವಳು ಗಟ್ಟಿ ಇರುವುದು ಕಂಡು ನಕ್ಕಿರಬೇಕು. ನನ್ನ ಪತ್ರವೂ ಅವನಿಗೇ ಹೋಗಿದೆ. ಕನ್ನಡ ಓದಲು ಬಾರದೆ ಎಲ್ಲೋ ಬಿಸಾಡಿರುತ್ತಾನೆ. ಹೆಸರು ಹಿಡಿದು ಕರೆಯಬೇಕು ಎಂದು ಊರೂರಿನ ಹುಡುಗರಿಗೆ ನೀವು ಕಲಿಸಿದಿರಿ. ಅತ್ತೆಯೂ ಕೊನೆಗೆ ನನಗೆ ಅದನ್ನೇ ಹೇಳಿದರು. ಆದರೆ ಬೂತಿನಲ್ಲಿ ನಿಂತಾಗ ಆ ಐದು ಅಕ್ಷರದ ಹೆಸರು ಗಂಟಲಿನಲ್ಲೇ ನಿಂತಿತು.

ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಿ. ಆದರೆ ಕೆಲಸ ಹೋದ ದಿನವೇ ಒಂದು ಸಾಲು ಬರೆದಿದ್ದರೆ ನಾನು ಆ ಊರಿಗೆ ಫೋನು ಮಾಡುತ್ತಿರಲಿಲ್ಲ. ಸೋತು ಬಂದ ಗಂಡನನ್ನು ಮನೆಯಲ್ಲಿ ಯಾರು ಏನು ಅನ್ನುತ್ತಿದ್ದರು? ಆ ಒಂದು ಮಾತಿಗೆ ನನಗೂ ಸಿಟ್ಟಿದೆ.

ನಾಗರತ್ನಾ


ತ್ರಿಶೂರ್, ಕೇರಳ
2 ಜೂನ್ 1996

ನಾಗರತ್ನಾ,

ನಾನು ಬಂದಿದ್ದಾಗ ನೀನು ಊಟಕ್ಕೆ ಬಡಿಸಿದೆ, ಹಾಸಿಗೆ ಹಾಸಿದೆ, ಮಾತಾಡಲಿಲ್ಲ. ನಾನೂ ಆಡಲಿಲ್ಲ. ಹಲ್ವಾ ಪೊಟ್ಟಣವನ್ನು ಅವ್ವನ ಗದ್ದುಗೆಯ ಹತ್ತಿರ ಇಟ್ಟು ಬಂದೆ, ನಾಯಿ ತಿಂದಿರಬೇಕು.

ಸಂಜೆ ಮೈದಾನದ ಆ ತುದಿಗೆ ಹೋಗಿ ನಿಂತೆ. ಕತ್ತಲಾಯಿತು. ಯಾರೂ ಕೂಗಲಿಲ್ಲ. ಗುರು, ಬಸುದಾ, ಆಶಾನ್ ಎಂದು ಕರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಪೂರಾ ಹೆಸರು ಹಿಡಿದು ಕರೆಯುವ ಬಾಯಿ ಅದೊಂದೇ ಇತ್ತು. ಈಗ ಯಾರೂ ಕರೆಯದ ಹೆಸರು ಇಟ್ಟುಕೊಂಡು ತಿರುಗಾಡುತ್ತಿದ್ದೇನೆ.

ಉಳಿಯೋಣ ಎಂದೇ ಬಂದಿದ್ದೆ, ನಂಬಿದರೆ ನಂಬು. ಆ ಖಾಲಿ ಕಟ್ಟೆಯನ್ನು ದಿನಾ ನೋಡಲು ಧೈರ್ಯ ಸಾಲಲಿಲ್ಲ. ಮಸ್ಕತ್ತಿನಲ್ಲಿ ಕೆಲಸವಿದೆ ಎಂದು ಒಬ್ಬರು ಕರೆದಿದ್ದಾರೆ. ಹೋಗುತ್ತೇನೆ. ತಪ್ಪು ನಿನ್ನದಲ್ಲ, ನನ್ನದು. ಅದನ್ನು ನಿನ್ನ ಮುಂದೆ ನಿಂತು ಹೇಳಲಾಗದೆ ಇಲ್ಲಿಂದ ಬರೆಯುತ್ತಿದ್ದೇನೆ.

ನಿನ್ನವನು


ಬೆಂಗೇರಿ, ಹುಬ್ಬಳ್ಳಿ
11 ಫೆಬ್ರವರಿ 2002

ವಿದ್ಯಾಳ ಅಪ್ಪನವರಿಗೆ ನಮಸ್ಕಾರ.

ಇಷ್ಟು ವರ್ಷ ಮಸ್ಕತ್ತಿನಿಂದ ನಿಮ್ಮ ಫೋನು ಬಂದಿತು, ಈದಿಗೆ ಖರ್ಜೂರ ಬಂದಿತು, ಪತ್ರ ಬರಲಿಲ್ಲ. ನಾನೂ ಬರೆಯಲಿಲ್ಲ. ಮಗಳ ಮದುವೆ ಮುಗಿದು ಮನೆ ಬಿಕೋ ಎನ್ನುತ್ತಿರುವುದರಿಂದ ಇವತ್ತು ಬರೆಯುತ್ತಿದ್ದೇನೆ. ವಿದ್ಯಾ ಸೊಲ್ಲಾಪುರದಿಂದ ಫೋನು ಮಾಡಿದ್ದಳು. ಅತ್ತೆ ಮನೆಯವರು ಛಲೋ ಮಂದಿ. ಅವಳು ಗಂಡನನ್ನು ಎಲ್ಲರ ಎದುರೂ ಹೆಸರು ಹಿಡಿದು ಕರೆಯುತ್ತಾಳಂತೆ, ಅವನ ಆಯುಷ್ಯಕ್ಕೆ ಇನ್ನೂ ಏನೂ ಆಗಿಲ್ಲ.

ಮದುವೆಯ ದಿನ ಬೀಗತಿಯರು, “ಒಡಪ ಹೇಳ್ರಿ, ನಿಮ್ಮವರು ಇಷ್ಟ ದೂರದಿಂದ ಬಂದಾರ” ಎಂದು ನನ್ನನ್ನು ಹಿಡಿದುಕೊಂಡಾಗ ನೀವು ಮಾತು ಬಿಟ್ಟು ಎದ್ದು ಬಂದು ಹಂದರದ ಕಂಬ ಹಿಡಿದು ನಿಂತದ್ದನ್ನು ನಾನು ನೋಡಿದೆ. ತಲೆಯೆಲ್ಲ ಬೆಳ್ಳಗಾಗಿದೆ. ಹೇಳಿಬಿಡಬೇಕು ಎನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಿಮ್ಮ ಅಂಗಿ ಕಿಸೆಯಿಂದ ವಾಪಸು ಹೋಗುವ ಟಿಕೀಟು ಇಣುಕುತ್ತಿತ್ತು. ಅದಕ್ಕೇ ನನಗೆ ಬರುವುದಿಲ್ಲ ಎಂದು ಎದ್ದು ಒಳಗೆ ಹೋದೆ. ನಿಮ್ಮ ಮುಖ ಸಣ್ಣದಾಯಿತು. ಅಡಿಗೆ ಮನೆಯಲ್ಲಿ ನಾನೂ ಕಣ್ಣೀರು ಹಾಕಿದೆ, ಉಳ್ಳಾಗಡ್ಡಿ ಹೆಚ್ಚುವವರ ಪಕ್ಕದಲ್ಲಿ ಕೂತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸಿಟ್ಟು ಯಾವಾಗಲೋ ಹೋಗಿದೆ. ನೀವು ಬೇಕು, ಅಷ್ಟೇ. ಒಬ್ಬಳಿಗೆಂದು ರೊಟ್ಟಿ ಬಡಿಯಲು ಕೂತರೆ ಕೈ ತಾನಾಗಿ ಇಬ್ಬರ ಹಿಟ್ಟು ನಾದುತ್ತದೆ.

ನಿಮ್ಮ
ನಾಗರತ್ನಾ


ಐಜಾಲ್, ಮಿಜೋರಾಂ
24 ಫೆಬ್ರವರಿ 2005

ಪ್ರೀತಿಯ ನಾಗರತ್ನಾ,

ಮಸ್ಕತ್ತು ಬಿಟ್ಟ ಮೇಲೆ ಈ ಗುಡ್ಡಗಳಲ್ಲಿ ಒಂದು ಸೀಸನ್ ಎಂದು ಬಂದೆ. ಇಲ್ಲಿ ನಾನು ಪು ಗುರು, ಪು ಎಂದರೆ ಇವರಲ್ಲಿ ಶ್ರೀಯುತರು. ಮೈದಾನದ ಒಂದು ಬದಿ ಮೋಡ ನಿಂತಿರುತ್ತದೆ, ಆ ಕಡೆ ಹೋದ ಚೆಂಡು ಕಾಣುವುದಿಲ್ಲ. ಹೋದ ವಾರ ನಮ್ಮ ತಂಡ ಫೈನಲ್ ಗೆದ್ದಿತು. ಹುಡುಗರು ನನ್ನನ್ನು ಎತ್ತಿಕೊಂಡು ಕುಣಿದರು, ಇನ್ನೆರಡು ವರ್ಷ ಇರಿ ಎಂದು ಕ್ಲಬ್ಬಿನವರು ಕಾಗದ ಮುಂದಿಟ್ಟರು. ಒಮ್ಮೆ ಗೆದ್ದು, ಇರು ಇರು ಎನ್ನುವಾಗ ಎದ್ದು ಬರಬೇಕೆಂದು ಬಹಳ ಹಿಂದೆ ಬರೆದಿದ್ದೆನಲ್ಲ, ಆ ದಿನ ಇದೇ ಎಂದು ಹೊಳೆಯಿತು. ಸಹಿ ಮಾಡಲಿಲ್ಲ.

ಬರುತ್ತಿದ್ದೇನೆ. ಈ ಸಲ ವಾಪಸು ಟಿಕೀಟು ಇಲ್ಲ, ಬಂದ ಮೇಲೆ ಬೇಕಾದರೆ ಕಿಸೆ ನೋಡು. ಏಪ್ರಿಲ್ ಮೊದಲ ವಾರ ಮುಟ್ಟುತ್ತೇನೆ. ಮೊಣಕಾಲು ಎರಡೂ ಹೋಗಿವೆ, ಮಾತು ಜಾಸ್ತಿಯಾಗಿದೆ, ಗೊರಕೆಯೂ ಇದೆ. ಇಂಥವನು ನಿನಗೆ ಇನ್ನೂ ಬೇಕೇ ಎಂದು ಕೇಳಲು ಈ ಪತ್ರ.

ನಿನ್ನ
ಗುರು


ಬೆಂಗೇರಿ, ಹುಬ್ಬಳ್ಳಿ
10 ಮಾರ್ಚ್ 2005

ವಿದ್ಯಾಳ ಅಪ್ಪನವರಿಗೆ,

ಬೇಕು. ಬನ್ನಿ.

ತಾಜಬಿಗೆ ಹೇಳಿದ್ದೇನೆ, ಬಾಗಿಲು ತಡೆಯುತ್ತಾಳೆ. ನಾನು ಒಡಪು ಮರೆತಿಲ್ಲ.

ನಾಗರತ್ನಾ


ಬೆಂಗೇರಿ, ಹುಬ್ಬಳ್ಳಿ
17 ಏಪ್ರಿಲ್ 2005

ಪ್ರೀತಿಯ ನಾಗರತ್ನಾ,

ಹುಬ್ಬಳ್ಳಿಯಿಂದ ನಿನಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಮೇಲೆ ಬೆಂಗೇರಿ ಎಂದು ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ.

ಸ್ಟೇಶನ್ನಿನಿಂದ ಆಟೋದಲ್ಲಿ ಬರುವಾಗ ತಲೆ ಬಾಚಿಕೊಂಡೆ. ಇಳಿದು ನೋಡಿದರೆ ಬಾಗಿಲಿಗೆ ಕೀಲಿ. ತಾಜಬಿ ಓಡಿ ಬಂದು, “ವಿದ್ಯಾಗ ಏಳನೇ ತಿಂಗಳದಾಗಽ ತ್ರಾಸ ಆತ್ರಿ. ಹಾಸಗಿ ಬಿಟ್ಟು ಏಳಬಾರ್ದಂತ, ಕರಕೊಂಡು ಬರೂ ಹಂಗೂ ಇಲ್ಲಂತ. ವೈನಿ ಮೊನ್ನಿನಽ ಸೊಲ್ಲಾಪುರಕ್ಕ ಹೋದ್ರು. ನೀವು ಗಾಡ್ಯಾಗಿದ್ರಿ, ಹೆಂಗ ಹೇಳೂದು” ಎಂದಳು. ಕೀಲಿ ಕೊಡದೆ ಬಾಗಿಲಿಗೆ ಅಡ್ಡ ನಿಂತಳು. “ವೈನಿ ತಡೀ ಅಂದಾರ. ನಿಮ್ಮ ಪಾಲಿಂದು ಹೇಳಿ ಒಳಗ ಹೋಗ್ರಿ” ಎಂದಳು. ಖಾಲಿ ಮನೆಯ ಎದುರು ನಿಂತು ಹೇಳಿದೆ.

“ಊರೂರ ಆಟ ಮುಗಿಸಿ ಬಂದೇನಿ ತಿರುಗಿ,
ನಾಗರತ್ನಾ ಇಲ್ಲದ ಮನ್ಯಾಗ ಹೆಂಗ ಹಚ್ಚಲಿ ದೀವಿಗಿ.”

ಈ ಸಲ ಯಾರೂ ನಗಲಿಲ್ಲ. ಲಾಲ್ಯಾ ಬೂತಿನ ಕಡೆ ಮುಖ ತಿರುಗಿಸಿಕೊಂಡ.

ನೀನು ಬಟ್ಟೆ ಮುಚ್ಚಿಟ್ಟು ಹೋದ ಕಟಕ ರೊಟ್ಟಿ, ಬರಣಿಯಲ್ಲಿನ ಶೇಂಗಾ ಹಿಂಡಿ ತಿಂದುಕೊಂಡಿದ್ದೇನೆ. ಬೆಳಿಗ್ಗೆ ಲಾಲ್ಯಾ ಮತ್ತು ನಾನು ಕುಂಟುತ್ತ ಮೈದಾನಕ್ಕೆ ಹೋಗಿ ಓಣಿಯ ಹುಡುಗ ಹುಡುಗಿಯರಿಂದ ಒಬ್ಬರ ಹೆಸರು ಒಬ್ಬರು ಕೂಗುವುದನ್ನು ಮಾಡಿಸುತ್ತೇವೆ. ಸಂಜೆ ಅವ್ವನ ಕಟ್ಟೆಯ ಮೇಲೆ ಕೂರುತ್ತೇನೆ. ಆಟೋ ಸದ್ದಾದರೆ ಏಳುತ್ತೇನೆ, ಅದು ಮುಂದೆ ಹೋದರೆ ಕೂರುತ್ತೇನೆ. ಇಷ್ಟು ವರ್ಷ ನೀವಿಬ್ಬರೂ ಇಲ್ಲಿ ಹೀಗೆ ಎದ್ದು ಕೂತು ಮಾಡಿದಿರೇ? ನನಗೆ ತಿಳಿದಿರಲಿಲ್ಲ ನಾಗರತ್ನಾ. ಆಟದಲ್ಲಿ ಓಡುವವನಿಗೆ ದಣಿವು ಎಂದು ತಿಳಿದಿದ್ದೆ. ನಿಂತು ಕಾಯುವವನ ದಣಿವನ್ನು ಗೋಲ್‌ಕೀಪರ್ ಲಾಲ್ಯಾ ಒಮ್ಮೆಯೂ ಹೇಳಿರಲಿಲ್ಲ.

ಅಳಿಯನ ಮೊಬೈಲಿಗೆ ಫೋನು ಮಾಡಿದರೆ ಬೀಗರೆಲ್ಲ ಸುತ್ತ ಕೂತಿರುತ್ತಾರೆ. ನೀನು “ಹೂಂ ರೀ, ಗುಳಿಗಿ ತಗೊಂಡ್ರೇನ್ರಿ” ಎಂದು ಇಡುತ್ತೀ. ಅದಕ್ಕೇ ಬರೆದೆ. ಮಗಳು ಹುಷಾರಾಗುವ ತನಕ ಇರು, ಅವಸರ ಮಾಡಬೇಡ. ನಾನು ಎಲ್ಲಿಗೂ ಹೋಗುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ
ಗುರು


ಸೊಲ್ಲಾಪುರ
16 ಜೂನ್ 2005

ಅಜ್ಜನವರಿಗೆ ಅಜ್ಜಿಯ ನಮಸ್ಕಾರ.

ಫೋನಿನಲ್ಲಿ ಎಲ್ಲ ಸುದ್ದಿ ಕೇಳಿದ್ದೀರಿ. ಆದರೂ ಬರೆಯುತ್ತಿದ್ದೇನೆ. ತಾಯಿ, ಕೂಸು ಇಬ್ಬರೂ ಗಟ್ಟಿ ಇದ್ದಾರೆ. ನಿನ್ನೆ ತೊಟ್ಟಿಲಿಗೆ ಹಾಕಿದೆವು. ಅತ್ತೆಯ ನೆನಪಿಗೆ ಸಂಗೀತಾ ಎಂದು ಹೆಸರಿಟ್ಟು ಕಿವಿಯಲ್ಲಿ ಕೂಗಿದಾಗ ಕೂಸು ತಿರುಗಿ ನೋಡಿತು. ನೋಡಲಿಲ್ಲ, ಗಾಳಿಗೆ ಹಾಗೆ ಮಾಡಿತು ಎಂದು ಬೀಗತಿ ಅಂದರು. ನೋಡಿತು, ನಾನು ಕಂಡೆ.

ತೊಟ್ಟಿಲ ಸುತ್ತ ನಿಂತು ಎಲ್ಲರೂ ಒಡಪು ಹೇಳಿದರು. ನನ್ನನ್ನೂ ಹಿಡಿದರು. ನನ್ನ ಹತ್ತಿರ ಇರುವುದು ಒಂದೇ, ಅದು ಹುಬ್ಬಳ್ಳಿಯ ಬಾಗಿಲಿಗೆಂದು ಇಟ್ಟದ್ದು ಎಂದೆ.

ನಿಮ್ಮ ಪತ್ರವನ್ನು ಬಾಣಂತಿಯ ಕೋಣೆಯಲ್ಲಿ ಕೂತು ಮತ್ತೆ ಮತ್ತೆ ಓದಿದೆ. ಹೌದು, ಹಾಗೆಯೇ ಎದ್ದು ಕೂತು ಮಾಡುತ್ತಿದ್ದೆವು. ಈಗ ನೀವು ಕಾಯುತ್ತಿದ್ದೀರೆಂದು ಓದಿ ಒಂದು ಗಳಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮರು ಗಳಿಗೆಗೆ ಅಳು ಬಂದಿತು. ಆ ಕಟ್ಟೆಯ ಮೇಲೆ ಸಂಜೆ ತಂಪು ಗಾಳಿ ಇರುತ್ತದೆ, ಹೊದ್ದುಕೊಂಡು ಕೂರಿ.

ಬರುವ ಭಾನುವಾರದ ಗಾಡಿಗೆ ಮಗಳನ್ನೂ ಕೂಸನ್ನೂ ಕರೆದುಕೊಂಡು ಬರುತ್ತಿದ್ದೇನೆ. ಸ್ಟೇಶನ್ನಿಗೆ ಬರಬೇಡಿ, ಅಳಿಯ ಜೊತೆಗಿದ್ದಾನೆ. ನೀವು ಮನೆಯ ಒಳಗೆ ನಿಲ್ಲಿರಿ. ಈ ಸಲ ತಾಜಬಿ ಬೇಡ, ನೀವೇ ಬಾಗಿಲಿಗೆ ಅಡ್ಡ ಕೈ ಹಿಡಿಯಿರಿ. ಹೇಳುವ ತನಕ ನನ್ನನ್ನು ಒಳಗೆ ಬಿಡಬೇಡಿ.

“ನೀನರ ಕರೀ” ಎಂದಿದ್ದರು ಅತ್ತೆ. ಬಹಳ ತಡವಾಯಿತು. ವಿದ್ಯಾ ಇಲ್ಲೇ ಪಕ್ಕದಲ್ಲಿ ಎಚ್ಚರವಾಗಿಯೇ ಇದ್ದಾಳೆ, ಲಕೋಟೆ ಕೊಡು, ವಿಳಾಸ ಬರೆಯುತ್ತೇನೆ ಎಂದಳು. ಬೇಡ, ಮಲಗು ಎಂದೆ.

ನಿಮ್ಮ
ನಾಗರತ್ನಾ


(ಲಕೋಟೆಯ ಮೇಲೆ, ಅದೇ ಕೈಬರಹದಲ್ಲಿ)

ಶ್ರೀ ಗುರುಬಸವ ಶಿವಪುತ್ರಪ್ಪ ಮೆಣಸಿನಕಾಯಿ
ಸಂಗವ್ವನ ಕಟ್ಟೆಯ ಮನೆ
ಬೆಂಗೇರಿ, ಹುಬ್ಬಳ್ಳಿ